ತರಗತಿಯ ಸಹಾಯಕಿಗೆ ಪರದೆಯ ಪಾಠ: ಗುಂಡಿ ಒತ್ತುವುದರಾಚೆಗಿನ ತರಬೇತಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕನ್ನಡ ಶಾಲೆಗಳಿಗೆ ಸ್ಮಾರ್ಟ್ ಟಿವಿ, ಪ್ರೊಜೆಕ್ಟರ್, ಟ್ಯಾಬ್ಲೆಟ್‌ಗಳು ಬರುವ ದಾರಿ ಬಹುಪಾಲು ಒಂದೇ. ಹಳೆ ವಿದ್ಯಾರ್ಥಿ ಸಂಘವೋ, ಮುಂಬಯಿಯಲ್ಲೋ ಗಲ್ಫ್‌ನಲ್ಲೋ ನೆಲೆಸಿದ ಊರಿನ ದಾನಿಯೋ, ಯಾವುದಾದರೊಂದು ಬ್ಯಾಂಕಿನ ಸಾಮಾಜಿಕ ಹೊಣೆಗಾರಿಕೆ ನಿಧಿಯೋ ಅವುಗಳನ್ನು ಕೊಡುತ್ತದೆ. ಸಣ್ಣದೊಂದು ಸಮಾರಂಭ ನಡೆಯುತ್ತದೆ. ಕಂಪನಿಯ ತಂತ್ರಜ್ಞ ಬಂದು ಶಿಕ್ಷಕರಿಗೆ ಒಂದೆರಡು ಗಂಟೆ ತೋರಿಸಿಕೊಟ್ಟು ಹೋಗುತ್ತಾನೆ. ಆದರೆ ಮರುದಿನದಿಂದ ಆ ಯಂತ್ರವನ್ನು ಆನ್ ಮಾಡುವವರು, ಪೆನ್‌ಡ್ರೈವ್ ಸಿಕ್ಕಿಸುವವರು, ಹಿಂದಿನ ಬೆಂಚಿನ ಮಗುವಿಗೆ ಪರದೆ ಕಾಣುತ್ತಿದೆಯೇ ಎಂದು ನೋಡುವವರು, ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವವರು ಅನೇಕ ಕಡೆ ಆ ಪ್ರಾತ್ಯಕ್ಷಿಕೆಯಲ್ಲಿ ಕುಳಿತೇ ಇರದ ಒಬ್ಬ ಸಹಾಯಕಿ. ಬೋಧನಾ ತಂತ್ರಜ್ಞಾನ ಮತ್ತು ಮಾಧ್ಯಮಗಳ ಬಳಕೆಯಲ್ಲಿ ಅವರಿಗೆ ಕೊಡಬೇಕಾದ ತರಬೇತಿ ಎಂಥದ್ದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಯಂತ್ರ ನಡೆಸುವುದು ಅದರಲ್ಲಿ ಸುಲಭದ ಭಾಗ. ಯಾವಾಗ ನಿಲ್ಲಿಸಬೇಕು, ಯಾರನ್ನು ಗಮನಿಸಬೇಕು, ಯಾವಾಗ ಕೈ ಹಿಂತೆಗೆಯಬೇಕು ಎಂಬುದು ಕಷ್ಟದ ಭಾಗ. ಅದನ್ನು ಶಿಕ್ಷಕರಿಂದ ಬೇರ್ಪಡಿಸಿ ಕಲಿಸಲು ಬರುವುದಿಲ್ಲ.

ಸಹಾಯಕಿ ಎಂದರೆ ಯಾರು?

ನಮ್ಮಲ್ಲಿ ಈ ಕೆಲಸಕ್ಕೆ ಒಂದೇ ಹುದ್ದೆಯ ಹೆಸರಿಲ್ಲ. ಅಂಗನವಾಡಿಯ ಸಹಾಯಕಿ, ಸರಕಾರಿ ಶಾಲೆಯ ಎಲ್‌ಕೆಜಿ–ಯುಕೆಜಿಯ ಆಯಾ, ಶಾಲಾಭಿವೃದ್ಧಿ ಸಮಿತಿಯವರು ಗೌರವಧನ ಕೊಟ್ಟು ನೇಮಿಸಿಕೊಂಡ ಟೀಚರ್, ವಿಶೇಷ ಶಾಲೆಯ ಸಹಾಯಕಿ, ಮಂಗಳೂರು–ಮಣಿಪಾಲದ ಖಾಸಗಿ ಶಾಲೆಗಳಲ್ಲಿ ಒಂದು ಮಗುವಿನ ಜೊತೆಗೇ ಇರುವ ಶ್ಯಾಡೋ ಟೀಚರ್, ಇವರೆಲ್ಲ ತರಗತಿಯಲ್ಲಿ ಎರಡನೆಯ ದೊಡ್ಡವರಾಗಿ ಇರುವವರು. ಇವರಲ್ಲಿ ಹತ್ತನೇ ತರಗತಿಗೆ ಓದು ನಿಲ್ಲಿಸಿದವರೂ ಇದ್ದಾರೆ, ಸ್ನಾತಕೋತ್ತರ ಪದವೀಧರರೂ ಇದ್ದಾರೆ. ಆದ್ದರಿಂದ ಎಲ್ಲರಿಗೂ ಒಂದೇ ಪಠ್ಯಕ್ರಮ ಮಾಡಿ ಒಂದೇ ಸಭಾಂಗಣದಲ್ಲಿ ಕೂರಿಸಿದರೆ ಅರ್ಧದಷ್ಟು ಜನರಿಗೆ ಅದು ಅತಿಯಾಗುತ್ತದೆ, ಉಳಿದವರಿಗೆ ಬೇಸರ ಬರುತ್ತದೆ.

ಅಮೆರಿಕದಲ್ಲಿ ಈ ವರ್ಗವನ್ನು ಕಾನೂನೇ ಗುರುತಿಸಿದೆ. 2002ರ ಜನವರಿಯಲ್ಲಿ ಜಾರಿಗೆ ಬಂದ ಅಲ್ಲಿನ ಶಾಲಾ ಶಿಕ್ಷಣ ಕಾಯ್ದೆ, ಬಡ ಮಕ್ಕಳಿಗಾಗಿ ಕೇಂದ್ರದ ಅನುದಾನ ಪಡೆಯುವ ಶಾಲೆಗಳ ಬೋಧನಾ ಸಹಾಯಕರಿಗೆ ಎರಡು ವರ್ಷದ ಕಾಲೇಜು ಶಿಕ್ಷಣವನ್ನಾಗಲಿ, ಓದು–ಬರಹ–ಗಣಿತದಲ್ಲಿ ನೆರವಾಗಬಲ್ಲರೆಂದು ತೋರಿಸುವ ಪರೀಕ್ಷೆಯನ್ನಾಗಲಿ ಕಡ್ಡಾಯಗೊಳಿಸಿತು. ಅಂಗವಿಕಲ ಮಕ್ಕಳ ಶಿಕ್ಷಣದ ಕುರಿತ ಅಲ್ಲಿನ ಇನ್ನೊಂದು ಕಾಯ್ದೆಯಲ್ಲಿ ‘ಸಹಾಯಕ ತಂತ್ರಜ್ಞಾನ ಸೇವೆ’ ಎಂದರೆ ಸಾಧನವನ್ನು ಕೊಡುವುದಷ್ಟೇ ಅಲ್ಲ, ಆ ಮಗುವಿನೊಡನೆ ಕೆಲಸ ಮಾಡುವವರಿಗೆ ಅದರ ತರಬೇತಿ ಕೊಡುವುದೂ ಸೇರಿದೆ. ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಕೂಡ ಅಂಗವಿಕಲ ಮಕ್ಕಳೂ ಇತರರೊಡನೆ ಒಂದೇ ತರಗತಿಯಲ್ಲಿ ಕಲಿಯುವ ಸಮನ್ವಯ ಶಿಕ್ಷಣಕ್ಕೆ ನೆರವಾಗುವ ತಜ್ಞರಿಗೂ ಸಿಬ್ಬಂದಿಗೂ ತರಬೇತಿ ಕೊಡಬೇಕೆಂದು ಹೇಳುತ್ತದೆ. ‘ಸಿಬ್ಬಂದಿ’ ಎಂಬ ಮಾತಿನೊಳಗೆ ಆಯಾ ಕೂಡ ಬರುತ್ತಾರೆ ಎಂಬುದು ನನ್ನ ಓದು. ಆದರೆ 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ನಿಷ್ಠಾದಂತಹ ದೊಡ್ಡ ತರಬೇತಿಗಳು ಶಿಕ್ಷಕರನ್ನೂ ಮುಖ್ಯಶಿಕ್ಷಕರನ್ನೂ ಗಮನದಲ್ಲಿಟ್ಟುಕೊಂಡು ರೂಪುಗೊಂಡವು. ಅಂಗನವಾಡಿಯ ಕಾರ್ಯಕರ್ತೆಯರ ಕೈಗೆ ಫೋನು ಬಂದಿದೆಯಾದರೂ ಅದರಲ್ಲಿ ಮುಖ್ಯ ಕೆಲಸ ತೂಕ, ಎತ್ತರ, ಹಾಜರಿ, ಆಹಾರ ವಿತರಣೆಗಳನ್ನು ಪೋಷಣ್ ಟ್ರ್ಯಾಕರ್ ಎಂಬ ಸರಕಾರಿ ಆ್ಯಪ್‌ಗೆ ತುಂಬಿಸುವುದು. ಅದು ದಾಖಲಾತಿಯ ತಂತ್ರಜ್ಞಾನ, ಬೋಧನೆಯದ್ದಲ್ಲ. ಈ ಎರಡನ್ನೂ ಒಂದೆಂದು ಭಾವಿಸಿ ‘ಅವರಿಗೆ ಮೊಬೈಲ್ ಗೊತ್ತಿದೆಯಲ್ಲ’ ಎನ್ನುವುದು ಸರಿಯಲ್ಲ.

ಯಂತ್ರದ ಪರಿಚಯ

ಯಂತ್ರದ ಭಾಗವನ್ನು ಬೇಗ ಮುಗಿಸಬಹುದು, ಆದರೆ ಬಿಡುವಂತಿಲ್ಲ. ಪಾಠದ ಮಧ್ಯೆ ತರಗತಿಯನ್ನು ನಿಲ್ಲಿಸುವ ತೊಂದರೆಗಳು ಲೆಕ್ಕಕ್ಕೆ ಕೆಲವೇ. ಲ್ಯಾಪ್‌ಟಾಪ್‌ನ ಚಿತ್ರ ಟಿವಿಯಲ್ಲಿ ಬಾರದಿದ್ದರೆ ಟಿವಿ ಬೇರೆ ಇನ್‌ಪುಟ್‌ನಲ್ಲಿರುತ್ತದೆ. ಚಿತ್ರ ಬಂದು ಧ್ವನಿ ಬಾರದಿದ್ದರೆ ಧ್ವನಿ ಲ್ಯಾಪ್‌ಟಾಪ್‌ನ ಸ್ಪೀಕರಿಗೇ ಹೋಗುತ್ತಿರುತ್ತದೆ. ಬೆರಳಿನಿಂದ ಮುಟ್ಟಿ ನಡೆಸುವ ದೊಡ್ಡ ಪರದೆಯಾದ ಇಂಟರಾಕ್ಟಿವ್ ಪ್ಯಾನಲ್‌ಗೆ ಲ್ಯಾಪ್‌ಟಾಪ್ ಜೋಡಿಸಿದಾಗ ಚಿತ್ರ ಕಂಡರೂ ಸ್ಪರ್ಶ ಕೆಲಸ ಮಾಡದಿದ್ದರೆ, ಚಿತ್ರದ ಕೇಬಲ್ ಹಾಕಿ ಸ್ಪರ್ಶಕ್ಕೆಂದು ಇರುವ ಯುಎಸ್‌ಬಿ ಕೇಬಲ್ ಮರೆತಿರುವ ಸಂಭವ ಹೆಚ್ಚು. ಪೆನ್‌ಡ್ರೈವ್‌ನ ವಿಡಿಯೊ ಫೋನಿನಲ್ಲಿ ಓಡಿ ಹಳೆಯ ಟಿವಿಯಲ್ಲಿ ಓಡದಿದ್ದರೆ ಆ ಕಡತದ ಮಾದರಿ ಟಿವಿಗೆ ಗೊತ್ತಿಲ್ಲ ಎಂದರ್ಥ; ಹಿಂದಿನ ದಿನ ಸಂಜೆ ಅದೇ ಟಿವಿಯಲ್ಲಿ ಹಾಕಿ ನೋಡಿದ್ದರೆ ಬೆಳಿಗ್ಗೆ ತಲೆಬಿಸಿ ಇರುತ್ತಿರಲಿಲ್ಲ. ಈ ನಾಲ್ಕನ್ನು ಸಹಾಯಕಿಯೇ ಬೇಕೆಂದು ಕೆಡಿಸಿ, ತಾವೇ ಸರಿಪಡಿಸುವ ಅಭ್ಯಾಸ ಮಾಡಿದರೆ ಸಾಕು. ಕೈಪಿಡಿ ಓದಿಸುವುದಕ್ಕಿಂತ ಇದು ಪರಿಣಾಮಕಾರಿ.

ಕರಾವಳಿಗೆ ಮಾತ್ರ ಸೇರಿಸಬೇಕಾದ ಒಂದು ಪಾಠವಿದೆ. ಏಪ್ರಿಲ್–ಮೇ ತಿಂಗಳ ಮಳೆಯಲ್ಲೂ ಅಕ್ಟೋಬರಿನ ಸಂಜೆಗಳಲ್ಲೂ ಸಿಡಿಲು ಜೋರು. ಆಗ ಸ್ವಿಚ್ ಆರಿಸುವುದು ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಡಿಶ್ ಕೇಬಲ್, ಇಂಟರ್ನೆಟ್ ಕೇಬಲ್‌ಗಳನ್ನೂ ಬಿಡಿಸಬೇಕು, ಏಕೆಂದರೆ ಆಘಾತ ಅವುಗಳ ಮೂಲಕವೂ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲಿರುವ ತೇವಕ್ಕೆ ಪ್ರೊಜೆಕ್ಟರಿನ ಲೆನ್ಸಿನಲ್ಲಿ ಬೂಷ್ಟು ಕಟ್ಟುತ್ತದೆ. ಯಂತ್ರವನ್ನು ಜೋಪಾನ ಮಾಡುತ್ತೇವೆಂದು ಮಳೆಗಾಲ ಪೂರ್ತಿ ಬೀರುವಿನೊಳಗೆ ಕಟ್ಟಿಡುವ ಶಾಲೆಗಳಲ್ಲೇ ಅದು ಬೇಗ ಹಾಳಾಗುತ್ತದೆ. ವಾರಕ್ಕೆ ಕೆಲವು ಬಾರಿಯಾದರೂ ಅದನ್ನು ಓಡಿಸುವುದು ಒಳ್ಳೆಯದು. ಮಳೆಯ ಕಾರಣ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನಗಳ ನಂತರ ಪಾಠ ಹಿಂದೆ ಬಿದ್ದಿರುತ್ತದೆ, ನೆಟ್‌ವರ್ಕ್ ಕೂಡ ನಂಬುವಂತಿರುವುದಿಲ್ಲ. ಆದ್ದರಿಂದ ಆನ್‌ಲೈನಿನಲ್ಲಿ ಹುಡುಕುವುದಕ್ಕಿಂತ ಮೊದಲೇ ಇಳಿಸಿಟ್ಟುಕೊಳ್ಳುವುದನ್ನು ಕಲಿಸಬೇಕು. 2017ರ ಸೆಪ್ಟೆಂಬರ್ 5ರಂದು ಆರಂಭವಾದ ದೀಕ್ಷಾ ಎಂಬ ಸರಕಾರಿ ಡಿಜಿಟಲ್ ಕಲಿಕಾ ವೇದಿಕೆಯಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಆ ಪಾಠದ ಸಾಮಗ್ರಿಯನ್ನು ಫೋನಿಗೆ ಇಳಿಸಿಕೊಳ್ಳಲು ಸಾಧ್ಯವಿದೆ. ಯೂಟ್ಯೂಬನ್ನೇ ನೇರವಾಗಿ ಹಾಕುವ ಅಭ್ಯಾಸವಿದ್ದರೆ ಜಾಹೀರಾತು ಮತ್ತು ತಾನೇ ತಾನಾಗಿ ಶುರುವಾಗುವ ಮುಂದಿನ ವಿಡಿಯೊ ಎರಡನ್ನೂ ಸಹಾಯಕಿ ನಿಭಾಯಿಸಬೇಕಾಗುತ್ತದೆ. ಆಟೊಪ್ಲೇ ಆರಿಸುವುದನ್ನು ಮೊದಲ ದಿನವೇ ಹೇಳಿಕೊಡಬೇಕು.

ವಿಡಿಯೊ ಓಡುತ್ತಿರುವಾಗ ಮಾಡುವ ಕೆಲಸ

ನಿಜವಾದ ಕೆಲಸ ಶುರುವಾಗುವುದು ಯಂತ್ರ ಸರಿಯಾಗಿ ಓಡತೊಡಗಿದ ಮೇಲೆ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ನಡೆಸಿದ ಪ್ರಯೋಗಗಳಿಂದ ಹೊರಬಂದ ತತ್ವಗಳಲ್ಲಿ ಒಂದು, ಉದ್ದನೆಯ ದೃಶ್ಯಪಾಠವನ್ನು ತುಂಡು ತುಂಡಾಗಿ, ಕಲಿಯುವವರ ವೇಗಕ್ಕೆ ತಕ್ಕಂತೆ ಕೊಟ್ಟರೆ ಅದು ಹೆಚ್ಚು ಅರ್ಥವಾಗುತ್ತದೆ ಎಂಬುದು. ಹೊಸ ವಿಷಯವನ್ನು ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ಪ್ರಮಾಣ ಸಣ್ಣದು. ವಿಡಿಯೊ ಅದಕ್ಕಾಗಿ ಕಾಯುವುದಿಲ್ಲ. ಅಂದರೆ ಸಹಾಯಕಿಯ ಕೈಯಲ್ಲಿರುವ ರಿಮೋಟ್‌ನ ಅತಿ ಮುಖ್ಯ ಗುಂಡಿ, ವಿಡಿಯೊವನ್ನು ಅಲ್ಲೇ ತಡೆದು ನಿಲ್ಲಿಸುವ ‘ಪಾಸ್’ (pause).

ಎಲ್ಲಿ ನಿಲ್ಲಿಸಬೇಕೆಂಬುದು ಶಿಕ್ಷಕರು ತೀರ್ಮಾನಿಸಬೇಕಾದ ವಿಷಯ. ಅದಕ್ಕಾಗಿ ನಾನು ಸೂಚಿಸುವುದು ಒಂದು ಚೀಟಿ. ನಾಲ್ಕನೇ ತರಗತಿಗೆ ಜಲಚಕ್ರದ ನಾಲ್ಕು ನಿಮಿಷದ ವಿಡಿಯೊ ತೋರಿಸುವುದಿದೆ ಎಂದುಕೊಳ್ಳೋಣ. ಟೀಚರು ಹಿಂದಿನ ದಿನವೇ ಅದನ್ನು ನೋಡಿ, ‘ಸಮುದ್ರದಿಂದ ಬಾಣದ ಗುರುತು ಮೇಲೆ ಹೋಗುವಾಗ ನಿಲ್ಲಿಸಿ, ಒದ್ದೆ ಬಟ್ಟೆ ಒಣಗಿದಾಗ ಅದರಲ್ಲಿದ್ದ ನೀರು ಎಲ್ಲಿಗೆ ಹೋಯಿತು ಎಂದು ಕೇಳಿ, ಕಿಟಕಿ ಪಕ್ಕದ ಮೂವರು ಮಕ್ಕಳನ್ನು ನೋಡಿಕೊಳ್ಳಿ’ ಎಂದು ಬರೆದು ಕೊಡುತ್ತಾರೆ. ಸಹಾಯಕಿ ಹಾಗೆಯೇ ನಿಲ್ಲಿಸಿ ಕೇಳುತ್ತಾರೆ. ಪಾಠ ಜುಲೈ ತಿಂಗಳಲ್ಲಿ ನಡೆಯುತ್ತಿದ್ದರೆ ಮಕ್ಕಳಿಂದ ಬರುವ ಉತ್ತರ, ‘ನಮ್ಮ ಮನೆಯಲ್ಲಿ ಬಟ್ಟೆ ಒಣಗುವುದೇ ಇಲ್ಲ!’ ತರಗತಿ ನಗುತ್ತದೆ. ಈ ಕ್ಷಣದಲ್ಲಿ ಸಹಾಯಕಿ ‘ಸುಮ್ಮನೆ ಕೂತ್ಕೊ’ ಎಂದರೆ ಒಂದು ಅಮೂಲ್ಯ ಪ್ರಶ್ನೆ ಸತ್ತುಹೋಗುತ್ತದೆ. ತಾವೇ ಉತ್ತರ ಹೇಳಲು ಹೊರಟರೆ ತಪ್ಪಾದರೂ ಆಗಬಹುದು. ‘ಟೀಚರೇ, ಇವನ ಪ್ರಶ್ನೆ ಕೇಳಿ’ ಎಂದು ಅದನ್ನು ದಾಟಿಸುವುದೇ ಅವರು ಕಲಿಯಬೇಕಾದದ್ದು. ಗಾಳಿಯಲ್ಲಿ ಆಗಲೇ ತೇವ ತುಂಬಿರುವಾಗ ಆವಿಯಾಗುವುದು ಏಕೆ ನಿಧಾನವಾಗುತ್ತದೆ ಎಂಬುದನ್ನು, ವಿಡಿಯೊದಲ್ಲಿ ಇಲ್ಲದ ಆ ಮಾತನ್ನು, ಟೀಚರು ಅಲ್ಲಿಂದ ಎತ್ತಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದ ಮೇಲೆ ಕಾಯುವುದೂ ಕಲಿತೇ ಬರಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಅಧ್ಯಯನ ಮಾಡಿದಾಗ, ಪ್ರಶ್ನೆ ಕೇಳಿದವರು ಉತ್ತರಕ್ಕಾಗಿ ಸಾಮಾನ್ಯವಾಗಿ ಕಾಯುತ್ತಿದ್ದದ್ದು ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಕನ್ನಡ ಕೇಳಿ, ಪರದೆಯಲ್ಲಿ ಇಂಗ್ಲಿಷ್ ಅಕ್ಷರ ಕಾಣುವ ನಮ್ಮ ಮಕ್ಕಳಿಗೆ ಆ ಮೂರು ಸೆಕೆಂಡು ಕೂಡ ಕಡಿಮೆಯೇ. ಊರಿನವರೇ ಆದ ಸಹಾಯಕಿಗೆ ಇಲ್ಲಿ ಬೇರೆ ಊರಿಂದ ವರ್ಗವಾಗಿ ಬಂದ ಶಿಕ್ಷಕರಿಗಿಲ್ಲದ ಅನುಕೂಲವಿದೆ: ವಿಡಿಯೊ ನಿಲ್ಲಿಸಿ ಮಗುವಿನ ಮನೆಮಾತಿನಲ್ಲಿ ಒಂದು ವಾಕ್ಯ ಹೇಳಿ ಮುಂದುವರಿಯಬಲ್ಲರು. ತರಬೇತಿಯಲ್ಲಿ ಇದಕ್ಕೆ ಬಾಯಿಬಿಟ್ಟು ಅನುಮತಿ ಕೊಡಬೇಕು. ಶಾಲೆಯಲ್ಲಿ ತುಳು ಮಾತಾಡಿದರೆ ದಂಡ ಎಂಬ ಕಾಲದಲ್ಲಿ ಓದಿದ ಸಹಾಯಕಿಯರು ಅದನ್ನು ತಾವಾಗಿ ಮಾಡಲು ಹಿಂಜರಿಯುತ್ತಾರೆ.

ಇಂತಹ ತರಬೇತಿಗಳ ಪವರ್‌ಪಾಯಿಂಟಿನಲ್ಲಿ ತಪ್ಪದೆ ಕಾಣಿಸುವ ಒಂದು ಚಿತ್ರದ ಕುರಿತು ಒಂದು ಮಾತು. ‘ಓದಿದ್ದರಲ್ಲಿ ಶೇಕಡಾ 10, ಕೇಳಿದ್ದರಲ್ಲಿ 20, ನೋಡಿದ್ದರಲ್ಲಿ 30 ನೆನಪಿರುತ್ತದೆ’ ಎಂಬ ಗೋಪುರವನ್ನು ಎಡ್ಗರ್ ಡೇಲ್ ಅವರ ಹೆಸರಿನಲ್ಲಿ ತೋರಿಸಲಾಗುತ್ತದೆ. ಡೇಲ್ 1946ರಲ್ಲಿ ಅನುಭವಗಳ ಶಂಕುವಿನ ಚಿತ್ರ ಬರೆದದ್ದು ನಿಜ. ಅದರಲ್ಲಿ ಅಂಕಿಗಳೇ ಇರಲಿಲ್ಲ. ಶೇಕಡಾವಾರು ಲೆಕ್ಕ ಆಮೇಲೆ ಯಾರೋ ಅಂಟಿಸಿದ್ದು, ಅದಕ್ಕೆ ಸಂಶೋಧನೆಯ ಆಧಾರವಿಲ್ಲ. ಪರದೆ ಹಾಕಿದ ಮಾತ್ರಕ್ಕೆ ನೆನಪು ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಸಹಾಯಕಿಯರಿಗೂ ದಾಟಿಸಬೇಕಾಗಿಲ್ಲ.

ಹಾಗೆಂದು ಮಾಧ್ಯಮವೆಂದರೆ ಪರದೆಯೊಂದೇ ಎಂದೂ ತಿಳಿಯಬಾರದು. ಫೋನಿನ ಧ್ವನಿಮುದ್ರಕ ಅತಿ ಅಗ್ಗದ ಬೋಧನಾ ಸಾಧನ. ಮಗುವಿನ ಅಜ್ಜಿ ಹೇಳಿದ ಕಥೆಯನ್ನು ಮುದ್ರಿಸಿ ತರಗತಿಯಲ್ಲಿ ಕೇಳಿಸುವುದು, ಮಕ್ಕಳು ಓದಿದ್ದನ್ನು ಅವರಿಗೇ ಕೇಳಿಸುವುದು ಸಹಾಯಕಿ ಒಬ್ಬರೇ ಮಾಡಬಹುದಾದ ಕೆಲಸಗಳು. ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದರೆ ಧ್ವನಿ ಸ್ಪಷ್ಟವಾಗಿ ಬರುತ್ತದೆ. ಮಂಗಳೂರಿನ ರೇಡಿಯೊ ಸಾರಂಗ್, ಮಣಿಪಾಲದ ರೇಡಿಯೊ ಮಣಿಪಾಲ್ ಎಂಬ ಸಮುದಾಯ ಬಾನುಲಿಗಳು ಕನ್ನಡದ ಜೊತೆಗೆ ತುಳು, ಕೊಂಕಣಿಯಂತಹ ಇಲ್ಲಿನ ಭಾಷೆಗಳಲ್ಲೂ ಕಾರ್ಯಕ್ರಮ ಮಾಡುತ್ತವೆ. ಧ್ವನಿಮುದ್ರಣದ ಪಾಠಕ್ಕೆ ಸಂಪನ್ಮೂಲ ವ್ಯಕ್ತಿಗಳನ್ನು ಬೆಂಗಳೂರಿನಿಂದ ಕರೆಸಬೇಕಾಗಿಲ್ಲ.

ಒಂದು ಮಗುವಿನ ಸಾಧನ

ಅಂಗವೈಕಲ್ಯವಿರುವ ಮಗುವಿನ ಜೊತೆ ಇರುವ ಸಹಾಯಕಿಗೆ ತಂತ್ರಜ್ಞಾನವೆಂದರೆ ಟಿವಿಯಲ್ಲ; ಆ ಮಗುವಿನ ಕಿವಿಯಲ್ಲೋ ಕೈಯಲ್ಲೋ ಇರುವ ವಸ್ತು. ಶ್ರವಣ ಸಾಧನ ಹಾಕಿರುವ ಮಗುವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಅದರ ಬ್ಯಾಟರಿ ಸರಿಯಿದೆಯೇ ಎಂದು ನೋಡಬೇಕು. ಗುಂಡಿಯಂತಹ ಆ ಸತು–ಗಾಳಿ ಬ್ಯಾಟರಿಯ ಮೇಲಿರುವ ಚೀಟಿ ಕಿತ್ತ ಮೇಲೆಯೇ ಗಾಳಿ ಒಳಹೊಕ್ಕು ಅದು ಕೆಲಸ ಮಾಡತೊಡಗುತ್ತದೆ. ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಚೀಟಿಯನ್ನು ಮತ್ತೆ ಅಂಟಿಸಿದರೆ ಬ್ಯಾಟರಿ ಉಳಿಯುವುದಿಲ್ಲ. ಮಳೆಗಾಲದಲ್ಲಿ ತೇವ ಹೊಕ್ಕು ಸಾಧನ ಸುಮ್ಮನಾಗುವುದು ನಮ್ಮಲ್ಲಿ ಮಾಮೂಲು, ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬದಲ್ಲಿ ಇಡುವಂತೆ ಮನೆಯವರಿಗೆ ಹೇಳಬೇಕು. ಟೈಲ್ಸ್ ಹಾಕಿದ ಕೋಣೆಯಲ್ಲಿ ಟಿವಿಯ ಶಬ್ದ ಗೋಡೆಯಿಂದ ಗೋಡೆಗೆ ಬಡಿದು ಗೊಜಲಾಗುತ್ತದೆ, ಶ್ರವಣ ಸಾಧನ ಆ ಗೊಜಲನ್ನೂ ಸೇರಿಸಿ ದೊಡ್ಡದು ಮಾಡುತ್ತದೆ. ಆಗ ವಾಲ್ಯೂಮ್ ಏರಿಸುವುದು ಪರಿಹಾರವಲ್ಲ. ಮಗುವನ್ನು ಹತ್ತಿರ ಕೂರಿಸಿ, ಪರದೆಯ ಕೆಳಗೆ ಬರಹ ಬರುವಂತೆ ಮಾಡಬೇಕು. ಹೇಳುವ ಮಾತನ್ನೇ ಪರದೆಯಲ್ಲಿ ಅಕ್ಷರವಾಗಿಯೂ ತೋರಿಸಿದರೆ ಸಾಮಾನ್ಯವಾಗಿ ಅದು ಹೊರೆ ಎಂದು ಮೇಯರ್ ಅವರ ಪ್ರಯೋಗಗಳು ಹೇಳುತ್ತವೆ ನಿಜ. ಆದರೆ ಕೇಳಿಸದ ಮಗುವಿಗೆ ಅದೇ ಪಾಠ. ಒಂದೇ ಕೋಣೆಯಲ್ಲಿ ಎರಡೂ ಬಗೆಯ ಮಕ್ಕಳಿದ್ದಾಗ ಕೇಳಿಸದ ಮಗುವಿನ ಕಡೆಗೆ ವಾಲಬೇಕೆಂಬುದು ನನ್ನ ನಿಲುವು.

ದೃಷ್ಟಿದೋಷವಿರುವ ಮಗುವಿಗೆ ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ನೆರವಾಗುತ್ತವೆ. ಟಾಕ್‌ಬ್ಯಾಕ್ ಆನ್ ಆದ ಫೋನಿನಲ್ಲಿ ಒಮ್ಮೆ ತಟ್ಟಿದರೆ ಅಲ್ಲಿ ಏನಿದೆಯೆಂದು ಅದು ಹೇಳುತ್ತದೆ, ಎರಡು ಬಾರಿ ತಟ್ಟಿದರೆ ಮಾತ್ರ ತೆರೆಯುತ್ತದೆ. ಇದು ತಿಳಿಯದ ಸಹಾಯಕಿ ‘ಫೋನ್ ಹಾಳಾಗಿದೆ’ ಎಂದು ಅದನ್ನು ಆರಿಸಿಬಿಡುವ ಸಂಭವವಿದೆ. ಇದಕ್ಕೆ ಒಳ್ಳೆಯ ಅಭ್ಯಾಸವೆಂದರೆ ಸಹಾಯಕಿ ಕಣ್ಣು ಮುಚ್ಚಿಕೊಂಡು ಟಾಕ್‌ಬ್ಯಾಕ್‌ನಲ್ಲಿ ಒಂದು ಕರೆ ಮಾಡುವುದು; ಮಗುವಿಗೆ ಎಷ್ಟು ಹೊತ್ತು ಬೇಕೆಂಬುದು ಆಗ ಹೇಳದೆಯೇ ತಿಳಿಯುತ್ತದೆ. ಮಾತು ಬಾರದ ಮಗುವಿಗೆ ಚಿತ್ರಫಲಕವೋ ಟ್ಯಾಬ್ಲೆಟ್ಟಿನ ಸಂವಹನ ಆ್ಯಪೋ ಇರುತ್ತದೆ. ಅದನ್ನು ಮಗುವಿನ ಪರೀಕ್ಷೆಗೆಂಬಂತೆ ‘ತೋರಿಸು, ನೀರು ಎಲ್ಲಿ?’ ಎಂದು ಬಳಸುವುದು ಸಾಮಾನ್ಯ. ಬದಲಿಗೆ ಸಹಾಯಕಿಯೇ ‘ನನಗೆ ನೀರು ಬೇಕು’ ಎನ್ನುತ್ತ ಆ ಚಿತ್ರಗಳನ್ನು ಮುಟ್ಟಿ ತೋರಿಸಬೇಕು, ದಿನವಿಡೀ, ಊಟದ ಹೊತ್ತಿನಲ್ಲೂ. ಮಕ್ಕಳು ಮಾತು ಕಲಿಯುವುದು ಇತರರು ಮಾತಾಡುವುದನ್ನು ಕೇಳಿ. ಫಲಕದ ಭಾಷೆಯೂ ಹಾಗೆಯೇ. ಮಣಿಪಾಲದಲ್ಲೂ ಮಂಗಳೂರಿನಲ್ಲೂ ವಾಕ್–ಶ್ರವಣ ವಿಭಾಗಗಳಿರುವುದರಿಂದ ಈ ಭಾಗವನ್ನು ಕಲಿಸಬಲ್ಲ ತಜ್ಞರು ಒಂದು ಬಸ್ಸಿನ ದೂರದಲ್ಲಿದ್ದಾರೆ ಎಂಬುದು ನಮ್ಮ ಜಿಲ್ಲೆಗಳ ಭಾಗ್ಯ.

ಕೈ ಹಿಂತೆಗೆಯುವುದು

ನೆರವು ಅತಿಯಾದರೆ ಕೆಡುತ್ತದೆ. ವರ್ಮಾಂಟ್ ವಿಶ್ವವಿದ್ಯಾಲಯದ ಮೈಕೆಲ್ ಜಿಯಾಂಗ್ರೆಕೊ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ, ಸಹಾಯಕರು ಸದಾ ಮಗುವಿಗೆ ಅಂಟಿಕೊಂಡೇ ಇದ್ದಾಗ ಏನಾಗುತ್ತದೆಂದು ತೋರಿಸಿತು: ಮಗು ಸಹಪಾಠಿಗಳಿಂದ ದೂರವಾಗುತ್ತದೆ, ದೊಡ್ಡವರನ್ನೇ ಅವಲಂಬಿಸುತ್ತದೆ, ತರಗತಿಯ ಶಿಕ್ಷಕರು ‘ಅದು ಅವರ ಮಗು’ ಎಂದು ಕೈಬಿಡುತ್ತಾರೆ. ಟ್ಯಾಬ್ಲೆಟ್ ಇದನ್ನು ಇನ್ನಷ್ಟು ಸುಲಭ ಮಾಡುತ್ತದೆ, ಏಕೆಂದರೆ ಮಗುವಿನ ಬೆರಳು ಹಿಡಿದು ಸರಿಯುತ್ತರ ಒತ್ತಿಸಿದರೆ ಪರದೆಯಲ್ಲಿ ನಕ್ಷತ್ರ ಬರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮಗು ಏನನ್ನೂ ಕಲಿತಿರುವುದಿಲ್ಲ. ಮೊದಲು ಕಾಯಬೇಕು, ಆಮೇಲೆ ಕಣ್ಸನ್ನೆ ಅಥವಾ ಕೈಸನ್ನೆ, ಆಮೇಲೆ ಒಂದು ಮಾತು, ಆಮೇಲೆ ತಾವು ಮಾಡಿ ತೋರಿಸುವುದು, ಕೈ ಹಿಡಿಯುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ಇಬ್ಬರು ಸಹಾಯಕಿಯರು ಎದುರುಬದುರು ಕುಳಿತು, ಒಬ್ಬರು ಮಗುವಾಗಿ, ಇನ್ನೊಬ್ಬರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಭ್ಯಾಸ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಫೋಟೊದ ವಿಷಯವೂ ಇಲ್ಲಿಯೇ ಬರುತ್ತದೆ. ತರಗತಿಯ ಚಿತ್ರಗಳನ್ನು ಸಹಾಯಕಿ ತಮ್ಮ ಸ್ವಂತ ಫೋನಿನಲ್ಲಿ ತೆಗೆದು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಈಗ ದಿನಚರಿಯೇ ಆಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಮುಖ್ಯವಾಗಿಸಿದೆ. ಶಾಲೆಯ ಫೋನಿನಲ್ಲಿಯೇ ತೆಗೆಯುವುದು, ಮಗುವಿನ ವೈಕಲ್ಯವಾಗಲಿ ಅಂಕವಾಗಲಿ ಕಾಣುವ ಚಿತ್ರವನ್ನು ಕಳುಹಿಸದಿರುವುದು, ತಮ್ಮ ಸ್ಟೇಟಸ್‌ಗೆ ಹಾಕದಿರುವುದು, ಇಷ್ಟನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಶಾಲೆ ಫೋನು ಕೊಡದೆ ನಿಯಮ ಮಾತ್ರ ಕೊಟ್ಟರೆ ಪಾಲನೆಯಾಗುವುದಿಲ್ಲ.

ತರಬೇತಿ ನಡೆಯಬೇಕಾದ ರೀತಿ

ಶಿಕ್ಷಕರ ತರಬೇತಿಯ ಅಧ್ಯಯನಗಳನ್ನು 1980ರಲ್ಲಿ ಒಟ್ಟುಗೂಡಿಸಿ ನೋಡಿದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್, ವಿವರಣೆ ಮತ್ತು ಪ್ರಾತ್ಯಕ್ಷಿಕೆಯ ಮೇಲೆ ಅಭ್ಯಾಸ, ತಿದ್ದುವಿಕೆ ಮತ್ತು ತರಗತಿಯಲ್ಲಿಯೇ ಜೊತೆಗಿದ್ದು ನೀಡುವ ಮಾರ್ಗದರ್ಶನ ಸೇರಿದಾಗಲೇ ಕಲಿತದ್ದು ತರಗತಿಗೆ ಇಳಿಯುತ್ತದೆ ಎಂದು ವಾದಿಸಿದರು. ನಮ್ಮ ತರಬೇತಿಗಳು ಸಾಮಾನ್ಯವಾಗಿ ಮೊದಲ ಎರಡಕ್ಕೆ ನಿಲ್ಲುತ್ತವೆ. ಸಹಾಯಕಿಯರ ಮಟ್ಟಿಗೆ ಉಳಿದ ಮೂರನ್ನು ಸೇರಿಸುವುದು ದುಬಾರಿಯೇನಲ್ಲ. ಮಂಗಳೂರು ಮತ್ತು ಉಡುಪಿಯಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಸಾಮಗ್ರಿ ಸಿದ್ಧಪಡಿಸಬಹುದು. ಕ್ಲಸ್ಟರ್ ಮಟ್ಟದಲ್ಲಿ, ಅಂದರೆ ಹತ್ತಿರದ ಕೆಲವು ಶಾಲೆಗಳ ಗುಂಪಿನಲ್ಲಿ, ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು, ಅಂಗವಿಕಲ ಮಕ್ಕಳ ವಿಷಯದಲ್ಲಿ ಬ್ಲಾಕ್‌ನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಶಾಲೆಗೆ ಹೋದಾಗ ಹತ್ತು ನಿಮಿಷ ಸಹಾಯಕಿಯ ಕೆಲಸವನ್ನೂ ನೋಡಿ ಒಂದೇ ಒಂದು ಸಲಹೆ ಕೊಟ್ಟು ಬರಬಹುದು. ಒಂದೇ ಒಂದು ಎಂದು ಒತ್ತಿ ಹೇಳಲು ಕಾರಣವಿದೆ: ಹತ್ತು ಸಲಹೆ ಕೊಟ್ಟವರ ಮಾತು ವರದಿಯಲ್ಲಿ ಉಳಿಯುತ್ತದೆ, ಒಂದು ಸಲಹೆ ಕೊಟ್ಟವರ ಮಾತು ಮರುದಿನದ ಪಾಠದಲ್ಲಿ ಕಾಣಿಸುತ್ತದೆ.

ಶಿಕ್ಷಕಿ ಮತ್ತು ಸಹಾಯಕಿಯನ್ನು ಜೋಡಿಯಾಗಿಯೇ ಕರೆಯಬೇಕು. ಸಹಾಯಕಿ ಒಬ್ಬರೇ ಕಲಿತು ಬಂದು ‘ಟೀಚರೇ, ಇಲ್ಲಿ ನಿಲ್ಲಿಸೋಣವಾ?’ ಎಂದು ಕೇಳುವ ಸಲುಗೆ ಎಲ್ಲ ಶಾಲೆಗಳಲ್ಲೂ ಇರುವುದಿಲ್ಲ. ಇಬ್ಬರೂ ಒಟ್ಟಿಗೆ ಚೀಟಿ ಬರೆದು, ಒಟ್ಟಿಗೆ ಪಾಠ ಮಾಡಿ ಬಂದಿದ್ದರೆ ಆ ಮಾತು ತಾನಾಗಿ ಬರುತ್ತದೆ. ದಿನಗೂಲಿಯಂತೆ ಗೌರವಧನ ಪಡೆಯುವವರಿಗೆ ತರಬೇತಿಯ ದಿನದ ಹಣವನ್ನೂ ಬಸ್ ಚಾರ್ಜನ್ನೂ ಕೊಡಬೇಕು. ಸುಳ್ಯದಿಂದಲೋ ಬೈಂದೂರಿನಿಂದಲೋ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗುವುದು ಇಡೀ ದಿನದ ಕೆಲಸ, ಆದ್ದರಿಂದ ಆದಷ್ಟು ಕ್ಲಸ್ಟರ್ ಶಾಲೆಯಲ್ಲೇ ಮಾಡುವುದು ಲೇಸು. ಅಲ್ಲಿಯೂ ಹೊಸ ಯಂತ್ರ ತಂದು ತೋರಿಸದೆ, ಅವರವರ ಶಾಲೆಯಲ್ಲಿರುವಂಥದ್ದೇ ಯಂತ್ರದಲ್ಲಿ ಕಲಿಸಬೇಕು.

ಸಮಯದ ಮಾತು ಉಳಿಯಿತು. ಯಂತ್ರದ ಭಾಗ ಮತ್ತು ಚೀಟಿಯ ಅಭ್ಯಾಸ ಮೇ ಕೊನೆಯಲ್ಲಿ, ಶಾಲೆ ತೆರೆಯುವ ವಾರದಲ್ಲಿ ಆಗಬೇಕು. ಮಕ್ಕಳು ಬಂದ ಮೇಲೆ ಸಹಾಯಕಿಯನ್ನು ಬಿಟ್ಟುಕೊಡುವ ಶಾಲೆ ಅಪರೂಪ. ನಿರ್ದಿಷ್ಟ ಮಗುವಿನ ಸಾಧನದ ತರಬೇತಿಯನ್ನು ಆಗಲೇ ಕೊಟ್ಟು ಫಲವಿಲ್ಲ, ಯಾವ ಮಗು ತಮ್ಮ ಪಾಲಿಗೆ ಬರುತ್ತದೆಂದು ಅವರಿಗೆ ಗೊತ್ತಿರುವುದಿಲ್ಲ. ಅದಕ್ಕೆ ಜುಲೈ ತಿಂಗಳೇ ಸರಿ, ಮಳೆ ಎಷ್ಟೇ ಇದ್ದರೂ. ದಸರಾ ರಜೆ ಮುಗಿದ ಮೇಲೆ ಮತ್ತೊಮ್ಮೆ ಅರ್ಧ ದಿನ ಸೇರಿದರೆ ಮೊದಲ ಅವಧಿಯ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಯಾವ ಪಾಠದಲ್ಲಿ ವಿಡಿಯೊ ನಿಲ್ಲಿಸಿದ್ದು ಕೆಲಸಕ್ಕೆ ಬಂತು, ಯಾವುದನ್ನು ಮುಂದಿನ ವರ್ಷ ಟಿವಿ ಹಾಕದೆಯೇ ಕಲಿಸಬಹುದು ಎಂದು ಶಿಕ್ಷಕಿಯೂ ಸಹಾಯಕಿಯೂ ಸೇರಿ ತೀರ್ಮಾನಿಸಬಹುದು.